ವೇದವತಿಯ ಭಾನುವಾರಗಳು

ವೇದವತಿ ತೀರಿಕೊಂಡು ಎಂಟು ತಿಂಗಳಾದವು. ಕಳೆದ ವರ್ಷ ನೆರೆ ಇಳಿದ ಮೇಲೆ ಕಲ್ಕತ್ತೆಯಲ್ಲಿ ಕಾಮಾಲೆ ಹರಡಿತಲ್ಲ, ಅದರಲ್ಲಿ ಹೋದಳು. ಮೂವತ್ತಮೂರು ವರ್ಷ. ಪತ್ರಿಕೆಯಲ್ಲಿ ಹೆಸರು ಬರುವಂಥದ್ದೇನನ್ನೂ ಮಾಡಿದವಳಲ್ಲ. ಬಾರಾನಗರದ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ, ಹಳ್ಳಿಗಳಿಂದ ಬರುವ ಬೆಳೆ ಸಮೀಕ್ಷೆಯ ಹಾಳೆಗಳನ್ನು ತಪಾಸಣೆ ಮಾಡುತ್ತಿದ್ದಳು. ಅದೇ ಕೋಣೆಯಲ್ಲಿ, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ನಾನು ಕೂರುತ್ತಿದ್ದೆ. ಈಗಲೂ ಕೂರುತ್ತೇನೆ. ಅವಳ ಮೇಜಿಗೆ ಬೇರೆಯವರು ಬಂದಿದ್ದಾರೆ.

ಅವಳು ಬಂದದ್ದು ಎಪ್ಪತ್ತಮೂರರ ಜನವರಿಯಲ್ಲಿ. ಬಂದದ್ದು ಅನ್ನುವುದಕ್ಕಿಂತ ವಾಪಸು ಬಂದದ್ದು ಅನ್ನಬೇಕು. ಅರವತ್ತೈದರಿಂದ ಎರಡು ವರ್ಷ ಅದೇ ಸಂಸ್ಥೆಯಲ್ಲಿ ಓದಿದ್ದಳು. ಆಗ ನಾನು ಅಲ್ಲಿರಲಿಲ್ಲ. ಧಾರವಾಡದ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದ್ದಾಳೆ, ಇರಲು ಜಾಗ ಹುಡುಕುತ್ತಿದ್ದಾಳೆ ಎಂದು ಯಾರೋ ಹೇಳಿದರು. ಲೇಕ್ ಮಾರ್ಕೆಟ್ಟಿನ ಹತ್ತಿರ ನಮ್ಮ ತಂದೆಯ ಹೋಟೆಲು, ಅದರ ಮಹಡಿಯ ಮೇಲೆ ನಮ್ಮ ಮನೆ. ಸಂಜೆ ಅವಳನ್ನು ಕರೆದುಕೊಂಡು ಬಂದೆ. ಮೂರು ದಿನಕ್ಕೆಂದು ಬಂದವಳು ಹತ್ತು ತಿಂಗಳು ಇದ್ದಳು.

ಧಾರವಾಡದಲ್ಲಿದ್ದ ಐದು ವರ್ಷವೂ ಅವಳಿಗೆ ಈ ಊರಿನ ಕನಸು ಬೀಳುತ್ತಿತ್ತಂತೆ. ಅವಳು ಪಾಠ ಹೇಳುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ಪಡಸಾಲೆಯಲ್ಲಿ ಟ್ರಾಮು ಬಂದು ನಿಲ್ಲುತ್ತಿತ್ತು. ಹತ್ತಿದರೆ ಒಳಗೆ ಯಾರೂ ಇಲ್ಲ, ಗಂಟೆ ಮಾತ್ರ ತಾನೇ ಹೊಡೆದುಕೊಳ್ಳುತ್ತಿದೆ, ಅಲ್ಲಿನ ಸಪ್ತಾಪುರದ ಇಳಿಜಾರಿನಲ್ಲಿ ಹೋಗುತ್ತ ಹೋಗುತ್ತ ಹೂಗ್ಲಿ ನದಿ ಕಾಣುತ್ತದೆ. ನೀರು ಕಾಣುವಷ್ಟರಲ್ಲಿ ಎಚ್ಚರ. ನಿಜವಾಗಿ ವಾಪಸು ಬಂದ ಮೇಲೂ ಅವಳು ಆ ಕನಸಿನಿಂದ ಪೂರ್ತಿ ಇಳಿದಿರಲಿಲ್ಲ. ಚಳಿಗಾಲದ ಬೆಳಗ್ಗೆ ಮಂಜು ಮುಸುಕಿದ ರಸ್ತೆಯಲ್ಲಿ, ಟ್ರಾಮಿನ ಕಿಟಕಿಗೆ ಹಣೆ ಆನಿಸಿ ಕಣ್ಣು ಮುಚ್ಚಿ ಕೂತು, ಮುಂದಿನ ನಿಲ್ದಾಣ ಯಾವುದೆಂದು ಶಬ್ದದಿಂದಲೇ ಹೇಳುತ್ತಿದ್ದಳು. ತಪ್ಪುತ್ತಿರಲಿಲ್ಲ.

ನನ್ನ ತಾಯಿಗೆ ಒಂದು ವಿಷಯ ಮಾತ್ರ ಅರ್ಥವಾಗುತ್ತಿರಲಿಲ್ಲ.

"ಅಲ್ಲ ಹುಡುಗಿ, ನಿನ್ನ ಕೆಲಸ ಉಂಟು ಬಾರಾನಗರದಲ್ಲಿ. ಇಲ್ಲಿಂದ ಟ್ರಾಮು, ಮತ್ತೆ ಬಸ್ಸು, ಹೋಗ್ಲಿಕ್ಕೇ ಒಂದೂವರೆ ಗಂಟೆ. ನಮ್ಮ ಗಿರಿಜೆಗಾದ್ರೆ ಮನೆ ಇಲ್ಲಿ. ನಿನಗೆ ಎಂತ ಕರ್ಮ? ನೀನು ಕಲಿಯುವಾಗ ಇದ್ದ ಮನೆ ಅಲ್ಲೇ ಇತ್ತಂತಲ್ಲ?"

"ನಿಮ್ಮ ಕೈ ಸಾರು ಅಲ್ಲಿ ಸಿಗೂದಿಲ್ಲ ಕಾಕೂ."

"ಸಾರಿಗೆ ಬೆಲ್ಲ ಹಾಕ್ತೀರಿ ಅಂತ ಮೊನ್ನೆ ಮುಖ ಸಿಂಡರಿಸಿದವಳು ನೀನೇ ಅಲ್ವಾ?"

"ಅದು ಮೊನ್ನಿ ಮಾತು," ಎಂದು ಅವಳು ಇನ್ನೊಂದು ಸೌಟು ಹಾಕಿಸಿಕೊಂಡಳು.

ನನಗೆ ನಿಜ ತಿಳಿದದ್ದು ಒಂದೆರಡು ತಿಂಗಳ ಮೇಲೆ. ಓದುವಾಗ ಅವಳು ಬಾರಾನಗರದಲ್ಲೇ, ಹೂಗ್ಲಿಯ ಸ್ನಾನಘಟ್ಟವಾದ ಕುಠಿ ಘಾಟಿನ ಹತ್ತಿರದ ಒಂದು ಓಣಿಯಲ್ಲಿ, ವಯಸ್ಸಾದ ವಿಧವೆಯೊಬ್ಬರ ಮನೆಯ ಕೋಣೆಯಲ್ಲಿದ್ದಳು. ಅವರನ್ನು ಮಾಶಿಮಾ ಎನ್ನುತ್ತಿದ್ದಳು. ಬಂಗಾಳಿಯಲ್ಲಿ ಚಿಕ್ಕಮ್ಮ ಎಂದಹಾಗೆ. ಮೊದಲ ವರ್ಷವೇ ಅವಳಿಗೆ ಸಿಡುಬು ಎದ್ದಿತ್ತು. ಬೇರೆ ಯಾರಾದರೂ ಮನೆ ಬಿಡಿಸುತ್ತಿದ್ದರು. ಮಾಶಿಮಾ ಇಪ್ಪತ್ತೊಂದು ದಿನ ಅವಳ ಮಂಚಕ್ಕೆ ಬೇವಿನ ಸೊಪ್ಪು ಕಟ್ಟಿ, ಪಕ್ಕದಲ್ಲಿ ಕೂತು, ಕೆರೆದುಕೊಂಡರೆ ಕೈ ಮೇಲೆ ಹೊಡೆದು, ಎಬ್ಬಿಸಿದರು. ಅರವತ್ತೇಳರಲ್ಲಿ ದುರ್ಗಾ ಪೂಜೆಯ ರಜೆಗೆ ಊರಿಗೆ ಹೊರಟಾಗ ವೇದವತಿ ತನ್ನ ಟ್ರಂಕನ್ನು ಅಲ್ಲೇ ಬಿಟ್ಟು, ದೀಪಾವಳಿಯ ಹೊತ್ತಿನ ಕಾಳಿ ಪೂಜೆಗೆ ಮೊದಲು ಬರುತ್ತೇನೆ ಎಂದು ಹೇಳಿ ಹೋದಳು. ಊರಿಗೆ ಹೋದ ವಾರದಲ್ಲೇ ತಂದೆಗೆ ಲಕ್ವ ಹೊಡೆಯಿತು. ಆಮೇಲೆ ಐದು ವರ್ಷ ಅವರ ಹಾಸಿಗೆಯ ಪಕ್ಕದಲ್ಲಿ ಅವಳು.

ಆ ನಡುವೆ ಮಾಶಿಮಾ ಮೂರು ಕಾಗದ ಬರೆದಿದ್ದರು, ಬಂಗಾಳಿಯಲ್ಲಿ. ವೇದವತಿಗೆ ಆ ಭಾಷೆ ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಧಾರವಾಡದಲ್ಲಿ ಓದಿ ಹೇಳುವವರು ಯಾರೂ ಸಿಗಲಿಲ್ಲ. ಉತ್ತರ ಬರೆಯಲಿಲ್ಲ. ತಡವಾದಷ್ಟೂ ಬರೆಯುವುದು ಕಷ್ಟವಾಯಿತು. ಮೂರನೆಯ ಕಾಗದದ ಅಕ್ಷರ ಬೇರೆಯವರದು. ಆಮೇಲೆ ಕಾಗದಗಳೇ ನಿಂತವು.

"ಕೊಡು ಇಲ್ಲಿ, ಎರಡು ನಿಮಿಷದಲ್ಲಿ ಓದಿ ಹೇಳ್ತೇನೆ," ಎಂದೆ. ಹುಟ್ಟಿ ಬೆಳೆದದ್ದು ಇಲ್ಲೇ, ನನಗೆ ಅದೇನು ಕಷ್ಟ.

"ಬ್ಯಾಡವಾ."

"ಯಾಕೆ ಮಾರಾಯ್ತಿ?"

"ಮೂರನೇದು ಬ್ಯಾರೆಯವರ ಕೈಯಾಗಿನ ಅಕ್ಷರ. ಮನ್ಯಾಗ ಅವರೊಬ್ಬರಽ ಇದ್ದದ್ದು. ಯಾರರ ಯಾಕ ಬರೀತಾರ ಹೇಳು?" ಕಾಗದಗಳನ್ನು ಸೀರೆಗಳ ಕೆಳಗೆ ಇಟ್ಟು, "ಓದೂತನಕ ಅವರು ಇದ್ದಾರ," ಎಂದಳು.

ಮಾಶಿಮಾ ಇದ್ದಾರೋ ಇಲ್ಲವೋ. ತಾನು ಬರಲಿಲ್ಲವೆಂದು ಕಾದು ಕಾದು ಹೋದರೋ. ಇದನ್ನು ತಿಳಿಯದೆ ಅವಳಿಗೆ ಈ ಊರಿನಲ್ಲಿ ನೆಲೆ ನಿಲ್ಲುವುದು ಸಾಧ್ಯವಿರಲಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಇರಲಿಲ್ಲ. ಊಟದ ಬಿಡುವಿನಲ್ಲಿ ನಾವೆಲ್ಲ ಘಾಟಿನ ಕಡೆ ಹೋದರೆ ಅವಳು ಕೋಣೆಯಲ್ಲೇ ಉಳಿಯುತ್ತಿದ್ದಳು.

ಭಾನುವಾರಗಳನ್ನು ಅವಳು ಕಂಡುಹಿಡಿದದ್ದು ಇದೇ ಕಾರಣಕ್ಕೆ ಎಂದು ಈಗ ಅನಿಸುತ್ತದೆ. ನಮ್ಮ ಸಂಸ್ಥೆಯಲ್ಲಿ ಒಂದು ಪುಸ್ತಕವಿದೆ. ಪುಟಗಟ್ಟಲೆ ಬರೀ ಅಂಕಿಗಳು, ಯಾವ ಕ್ರಮವೂ ಇಲ್ಲದವು. ಯಾವ ಹೊಲದ ಬೆಳೆ ಕೊಯ್ದು ಅಳೆಯಬೇಕೆಂದು ಅದನ್ನು ನೋಡಿ ಗೊತ್ತುಮಾಡುತ್ತಾರೆ. ಇಲ್ಲದಿದ್ದರೆ ಸಮೀಕ್ಷೆಗೆ ಹೋದವರು ರಸ್ತೆಗೆ ಹತ್ತಿರವಿದ್ದ, ನೋಡಲು ಚೆನ್ನಾಗಿದ್ದ ಹೊಲವನ್ನೇ ಆರಿಸಿಬಿಡುತ್ತಾರೆ. ಅದರ ಹಳೆಯ ಪ್ರತಿಯೊಂದನ್ನು ಅವಳು ಮನೆಗೆ ತಂದಳು. ಊರಿನ ನೂರು ಜಾಗಗಳ ಪಟ್ಟಿ ಮಾಡಿದೆವು, ಸೊನ್ನೆಯಿಂದ ತೊಂಬತ್ತೊಂಬತ್ತರ ತನಕ. ಟ್ರಾಮು ಡಿಪೋಗಳು, ಘಾಟುಗಳು, ಮಾರುಕಟ್ಟೆಗಳು, ಒಂದು ಗೋರಿಗಳ ತೋಟ, ಹೌರಾದ ದೋಣಿ ಕಟ್ಟೆ. ಶನಿವಾರ ಅವಳು ಪುಸ್ತಕ ತೆರೆಯದೆ, ತೋಚಿದ ಒಂದು ಪುಟ, ಸಾಲನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಭಾನುವಾರ ಬೆಳಗ್ಗೆ ನಾನು ಪುಸ್ತಕ ತೆರೆದು ಆ ಸಾಲಿನ ಮೊದಲ ಎರಡು ಅಂಕಿ ಓದಬೇಕು. ಬಂದ ಜಾಗಕ್ಕೆ ಹೋಗಲೇಬೇಕು. ಒಲ್ಲೆ ಅನ್ನುವ ಹಾಗಿಲ್ಲ.

"ನಾವು ಆರಿಸಿದ್ರ ಬರೇ ನಮಗ ಬೇಕಾದ್ದಷ್ಟಽ ನೋಡ್ತೀವಿ. ಊರು ಹಂಗ ಸಿಗೂದಿಲ್ಲ," ಎನ್ನುತ್ತಿದ್ದಳು.

ಇಪ್ಪತ್ತೇಳನೆಯ ಜಾಗ ಮಾಶಿಮಾರ ಓಣಿ. ಅದನ್ನು ಪಟ್ಟಿಗೆ ಸೇರಿಸಿದವಳು ಅವಳೇ.

ಎಷ್ಟು ಭಾನುವಾರಗಳು. ಮಳೆಯಲ್ಲಿ ತೊಯ್ದ ಚಿತ್ಪುರದಲ್ಲಿ ಜಾತ್ರಾ ಎಂಬ ಬಂಗಾಳಿ ಬಯಲಾಟದವರ ಜರಿಯ ಕಿರೀಟಗಳು ಸಾಲಾಗಿ ತೂಗುತ್ತಿದ್ದವು. ಒಮ್ಮೆ ಬಂದ ಸಂಖ್ಯೆ ನಮ್ಮ ಮನೆಯ ಕೆಳಗಿನ ಲೇಕ್ ಮಾರ್ಕೆಟ್ಟೇ ಆಗಿತ್ತು. ನಿಯಮ ನಿಯಮವೇ ಎಂದು ಇಡೀ ದಿನ ಹೊರಊರಿನವರ ಹಾಗೆ ಅಲ್ಲೇ ಸುತ್ತಿ, ನಮ್ಮ ತಂದೆಯ ಹೋಟೆಲಿನಲ್ಲೇ ಗಿರಾಕಿಗಳಾಗಿ ಕೂತು ಕಾಫಿ ಕುಡಿದೆವು. ತಂದೆ ಗಲ್ಲಾಪೆಟ್ಟಿಗೆಯಿಂದ ತಲೆಯೆತ್ತಿ, "ಯಾವೂರಿಂದ ಬಂದದ್ದು ನೀವು?" ಎಂದು ಗಂಭೀರವಾಗಿ ಕೇಳಿದರು. ಇಪ್ಪತ್ತೇಳು ಮಾತ್ರ ಬರಲಿಲ್ಲ. ಪ್ರತಿ ಸಲ ನಾನು ಅಂಕಿ ಓದಿದಾಗ ಅವಳ ಮುಖ ಒಮ್ಮೆ ಸಡಿಲವಾಗುತ್ತಿತ್ತು, ಕೂಡಲೇ ಬಾಡುತ್ತಿತ್ತು. ಪೂಜೆ ಕಳೆಯಿತು. ಕಾಳಿ ಪೂಜೆ ಹತ್ತಿರ ಬಂದ ಹಾಗೆ ಅವಳು ಊಟ ಕಡಿಮೆ ಮಾಡಿದಳು. ಧಾರವಾಡದ ಶಾಲೆಯಲ್ಲಿ ಇನ್ನೂ ಜಾಗ ಇದೆಯಂತೆ, ವಾಪಸು ಹೋಗಬಹುದು ಎಂದು ಒಂದು ದಿನ ಬಸ್ಸಿನಲ್ಲಿ ಮೆಲ್ಲಗೆ ಹೇಳಿದಳು.

ಆ ಶುಕ್ರವಾರ ಊಟದ ಬಿಡುವಿನಲ್ಲಿ ನಾನೊಬ್ಬಳೇ ಕುಠಿ ಘಾಟಿನ ಕಡೆ ಹೋದೆ. ಓಣಿಯ ಬಾಯಲ್ಲಿ ಒಂದು ಪಾನ್ ಅಂಗಡಿ. ವೇದವತಿ ಹೇಳಿದ್ದ ಗುರುತು ಹಿಡಿದು, ನೀಲಿ ಬಾಗಿಲಿನ ಮನೆಯ ಮಾಶಿಮಾ ಹೇಗಿದ್ದಾರೆ ಎಂದು ಕೇಳಿದೆ. ಅಂಗಡಿಯವ ಸುಣ್ಣ ಹಚ್ಚುತ್ತಲೇ, "ಕಿವಿ ಇಲ್ಲವೇನು ದೀದಿ?" ಎಂದ. ಆಗ ಕೇಳಿಸಿತು. ಆ ಮನೆಯ ಮಹಡಿಯ ಮೇಲೆ ಒಣಹಾಕಿದ ಸಂಡಿಗೆಗೆ ಬಂದ ಕಾಗೆಯನ್ನು ಒಬ್ಬ ಮುದುಕಿ ಅದರ ಹಿರಿಯರನ್ನೆಲ್ಲ ಸೇರಿಸಿ ಬೈಯುತ್ತಿದ್ದಳು.

ಭಾನುವಾರ ಬೆಳಗ್ಗೆ ಪುಸ್ತಕ ತೆರೆದೆ. ಅಲ್ಲಿದ್ದದ್ದು ಅರವತ್ತನಾಲ್ಕು. "ಇಪ್ಪತ್ತೇಳು," ಎಂದು ಓದಿ, ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟೆ.

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ, "ಕೊಡಿ ಮರತೆ," ಎಂದು ಮೇಲೆ ಓಡಿದಳು. ಮಳೆಗಾಲ ಮುಗಿದು ಎಷ್ಟೋ ದಿನವಾಗಿತ್ತು. ತಡವಾಯಿತು. ಹೆದರಿ ಹೊರಡಲಾರಳು ಎಂದುಕೊಂಡೆ. ಆದರೆ ಕೊಡೆ ಹಿಡಿದು ಬಂದಳು. ಶ್ಯಾಮಬಜಾರಿನಲ್ಲಿ ಬಸ್ಸು ಹತ್ತಿದ್ದೇ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ನನಗೆ ಆಶ್ಚರ್ಯ. ಹತ್ತು ತಿಂಗಳು ಹೆದರಿದವಳಿಗೆ ಇವತ್ತು ಹೇಗೆ ನಿದ್ದೆ ಬಂತು? ಮುಖ ಮಗುವಿನ ಮುಖದ ಹಾಗಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬಂದು ಹೋಗಿ ಮಾಡುತ್ತಿತ್ತು.

ನೀಲಿ ಬಾಗಿಲು ತೆರೆಯಿತು. ಮಾಶಿಮಾರ ಒಂದು ಕಣ್ಣಿಗೆ ಪೂರ್ತಿ ಪೊರೆ ಬಂದಿತ್ತು. ಇನ್ನೊಂದನ್ನು ಹತ್ತಿರ ತಂದು ವೇದವತಿಯ ಮುಖ ನೋಡಿದರು. ಹಣೆಯ ಮೇಲಿನ ಸಿಡುಬಿನ ಕಲೆಯನ್ನು ಹೆಬ್ಬೆರಳಿನಿಂದ ಮುಟ್ಟಿದರು.

"ಕೆರೆದುಕೊಳ್ಳಬೇಡ ಅಂದಿದ್ದೆ. ನೋಡು, ಉಳಿದುಬಿಟ್ಟಿದೆ," ಎಂದರು. ಆಮೇಲೆ, "ಬೀಗದ ಕೈ ಎಲ್ಲಿ?"

"ಯಾವ ಬೀಗದ ಕೈ, ಮಾಶಿಮಾ?"

"ನಿನ್ನ ಟ್ರಂಕಿನದು. ಮೂರು ಕಾಗದ ಬರೆದೆ. ಗೆದ್ದಲು ಹತ್ತಿದೆ, ಬೀಗದ ಕೈ ಅಂಚೆಯಲ್ಲಿ ಕಳಿಸು ಅಂತ. ಕಣ್ಣು ಹೋದ ಮೇಲೆ ಪಕ್ಕದ ಮನೆಯವಳ ಕೈಯಲ್ಲಿ ಬರೆಸಿದೆ. ಇಷ್ಟೆಲ್ಲ ಓದಿದವಳು ನೀನು, ಒಂದು ಬೀಗದ ಕೈ ಕಳಿಸುವುದಕ್ಕೆ ಆಗಲಿಲ್ಲ."

ವೇದವತಿ ನೆಲದ ಮೇಲೆ ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಮಾಶಿಮಾ ತಮ್ಮ ಪಾಡಿಗೆ ಹೇಳುತ್ತಲೇ ಇದ್ದರು. ಬೀಗ ಒಡೆಸಿ ಹೊಸದು ಹಾಕಿಸಿದೆ, ಪುಸ್ತಕಗಳನ್ನು ಮಹಡಿಯ ಬಿಸಿಲಿಗೆ ಹಾಕಿದೆ, ಅರ್ಧ ಗೆದ್ದಲು ತಿಂದಿತ್ತು, ನಿನ್ನ ಕೌದಿ ನಾನೇ ಹೊದ್ದುಕೊಳ್ಳುತ್ತಿದ್ದೇನೆ, ಅದನ್ನು ಕೇಳಬೇಡ. ಬಂಗಾಳದ ಹಳೆಯ ಹೆಂಗಸರು ಮನೆಯ ಬೀಗದ ಕೈಗಳನ್ನು ಸೆರಗಿನ ತುದಿಗೆ ಕಟ್ಟಿ ಬೆನ್ನ ಮೇಲೆ ಎಸೆದುಕೊಳ್ಳುತ್ತಾರೆ. ಅವರು ಆ ಗಂಟು ಬಿಚ್ಚಿ, ತಡವರಿಸಿ, ಒಂದು ಸಣ್ಣ ಹೊಸ ಕೀಲಿಯನ್ನು ಆರಿಸಿ ಅವಳ ಅಂಗೈಯಲ್ಲಿಟ್ಟರು. ಆ ಸಂಜೆ ನದಿಯ ಕಡೆಯಿಂದ ಶಂಖದ ಸದ್ದು ಬರುವ ತನಕ ನಾವು ಅಲ್ಲೇ ಇದ್ದೆವು. ಮುಂದಿನ ವಾರವೇ ಅವಳು ಆ ಕೋಣೆಗೆ ಹೋದಳು. ಐದು ವರ್ಷ ಅಲ್ಲೇ ಇದ್ದಳು. ಕಾಯಿಲೆ ಬಿದ್ದಾಗ ಮಾಶಿಮಾ ಮತ್ತೆ ಮಂಚಕ್ಕೆ ಬೇವಿನ ಸೊಪ್ಪು ಕಟ್ಟಿದರು. ಕಾಮಾಲೆಗೆ ಅದಲ್ಲ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ನಾನು ಸುಳ್ಳು ಓದಿದ್ದನ್ನು ಅವಳಿಗೆ ಕೊನೆಯ ತನಕ ಹೇಳಲಿಲ್ಲ. ಅವಳು ಅಂಕಿಗಳನ್ನು ನಂಬಿದವಳು. ಆ ನಂಬಿಕೆಯ ಮೇಲೆ ಅವಳ ಮನೆ ನಿಂತಿತ್ತು ಎಂದುಕೊಂಡಿದ್ದೆ.

ಕಳೆದ ತಿಂಗಳು ಮಾಶಿಮಾ ಹೇಳಿಕಳಿಸಿದರು. ವೇದವತಿ ಹೋದ ಮೇಲೆ ಮತ್ತೆ ಅವರ ಸೆರಗಿಗೆ ಸೇರಿದ್ದ ಅದೇ ಕೀಲಿಯನ್ನು ಬಿಚ್ಚಿ ಕೊಟ್ಟರು. ಟ್ರಂಕಿನಲ್ಲಿ ಗೆದ್ದಲು ತಿಂದ ಪುಸ್ತಕಗಳು, ಮೂರು ಕಾಗದಗಳು, ಭಾನುವಾರದ ನೋಟ್‌ಬುಕ್ಕು. ಆ ದಿನದ ಸಾಲಿನಲ್ಲಿ ಪುಟ, ಸಾಲು, ನಾನು ಓದಿದ ಇಪ್ಪತ್ತೇಳು. ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ಅರವತ್ತನಾಲ್ಕು. ಪಕ್ಕದಲ್ಲಿ, ನಮ್ಮ ಕೋಣೆಯಲ್ಲಿ ಸಾವಿರಾರು ಹಾಳೆಗಳ ಮೇಲೆ ಅವಳು ಹಾಕುತ್ತಿದ್ದ ತಪಾಸಣೆಯ ಗುರುತು, ಅದೇ ದಿನದ ತಾರೀಖು.

ಕೊಡೆಗೆಂದು ಮೇಲೆ ಓಡಿದವಳು ಪುಸ್ತಕ ತೆಗೆದು ನೋಡಿದ್ದಳು. ನಾನು ಸುಳ್ಳು ಹೇಳಿದ್ದೇನೆಂದು ತಿಳಿಯಿತು. ‘ಗಿರಿಜಾ ಸುಳ್ಳು ಹೇಳಿ ನನ್ನನ್ನು ಸಾವಿನ ಮನೆಗೆ ಕರೆದುಕೊಂಡು ಹೋಗುವವಳಲ್ಲ, ಅಂದರೆ ಮಾಶಿಮಾ ಇದ್ದಾರೆ.’ ಇಷ್ಟು ಲೆಕ್ಕ ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಮಾಡಿರಬೇಕು. ಬಸ್ಸಿನಲ್ಲಿ ಅದಕ್ಕೇ ನಿದ್ದೆ ಬಂದಿತ್ತು.

ಪಟ್ಟಿಯಲ್ಲಿ ಅರವತ್ತನಾಲ್ಕು ಖಿದಿರ್‌ಪುರದ ಟ್ರಾಮು ಡಿಪೋ. ಹೋದ ಭಾನುವಾರ ಹೋದೆ. ಎಸ್ಪ್ಲನೇಡಿನಿಂದ ಹೊರಟ ಟ್ರಾಮು ಮೈದಾನದ ಹುಲ್ಲಿನ ಮೇಲೆ, ರಸ್ತೆಯೇ ಇಲ್ಲದ ಕಡೆ, ಮರಗಳ ಕೆಳಗೆ ಹೋಗುತ್ತದೆ. ಮಂಜಿರಲಿಲ್ಲ, ಮೋಡವಿತ್ತು. ಡಬ್ಬಿಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹಣೆಯನ್ನು ಕಿಟಕಿಗೆ ಆನಿಸಿ ಕಣ್ಣು ಮುಚ್ಚಿಕೊಂಡೆ. ಯಾವ ನಿಲ್ದಾಣವೆಂದು ಶಬ್ದದಿಂದ ಹೇಳಲು ನನಗೆ ಬರುವುದಿಲ್ಲ. ಡಿಪೋದಲ್ಲಿ ಇಳಿದು, ನೋಟ್‌ಬುಕ್ಕು ತೆರೆದು, ಅವಳ ಅರವತ್ತನಾಲ್ಕರ ಪಕ್ಕದಲ್ಲಿ ನಾನು ಬಂದ ದಿನದ ತಾರೀಖು ಬರೆದೆ.