ಈಸ್ಟರ್ ಬಂದರೂ ಮುಗಿಯದ ಉಪವಾಸ

ಈಸ್ಟರ್ ಹಬ್ಬದ ಊಟಕ್ಕೆ ಕುಳಿತಾಗ, ಹತ್ತನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳು ರೆನಿಟಾ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು.

“ಗ್ರ್ಯಾನಿ, ನಾನು ಉಪವಾಸ ಇನ್ನೂ ಸ್ವಲ್ಪ ದಿನ ಕಂಟಿನ್ಯೂ ಮಾಡ್ತೇನೆ.”

ಇಲ್ಲಿ ಗಲ್ಫಿನಲ್ಲಿ, ಅಲ್ ಥುಮಾಮಾದ ನಮ್ಮ ಮನೆಗೆ ಬಂದಿದ್ದ ನೆಂಟರು “ಎಂಥ ಭಕ್ತಿ ಮಾರಾಯ್ತಿ!” ಎಂದು ಮೆಚ್ಚಿಕೊಂಡರು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ ಮೊದಲು ಮಾಂಸ ಬಿಟ್ಟಳು, ಆಮೇಲೆ ಸಿಹಿ, ಕೊನೆಗೆ ರಾತ್ರಿಯ ಊಟ... ಹೊಗಳಿಕೆ ಸಹಜವೇ.

ನನಗೆ ಮಾತ್ರ ಇದು ಸರಿ ಕಾಣಲಿಲ್ಲ. ಟೀಚರಾಗಿದ್ದಾಗ ಶಾಲೆಯಲ್ಲಿ ಎಷ್ಟೋ ಮಕ್ಕಳನ್ನು ಕಂಡಿದ್ದೇನೆ. ಉಪವಾಸ ಮುಗಿಯಿತೆಂದು ಬೇಸರಪಟ್ಟ ಮಗುವನ್ನು ಕಂಡಿರಲಿಲ್ಲ.

ಅವಳ ತಾಯಿ, ನನ್ನ ಮಗಳು ಲವೀನಾಳಿಗೆ ಹೇಳಿದೆ. ಲುಸೈಲ್‌ನ ಆಫೀಸಿನಿಂದ ದಣಿದು ಬಂದವಳು, “ಮಮ್ಮಿ, ದೇವರ ಕೆಲಸಕ್ಕೂ ನಿಮ್ಮ ಕೆಂಪು ಶಾಯಿಯಾ?” ಎಂದು ಚುಚ್ಚಿದಳು.

ಆದರೆ ಶುಕ್ರವಾರ ಚರ್ಚಿನಲ್ಲಿ ಬಲಿಪೂಜೆಯ ನಡುವೆ ಮಗು ತಲೆಸುತ್ತಿ ನನ್ನ ಭುಜಕ್ಕೆ ಒರಗಿದಾಗ, ಲವೀನಾಳೇ ಗಾಬರಿಯಿಂದ ವೈದ್ಯರ ಬಳಿಗೆ ಕರೆದೊಯ್ದಳು.

ಡಾಕ್ಟರಮ್ಮ ಉಡುಪಿ ಕಡೆಯವರು. ಇದು ಈಟಿಂಗ್ ಡಿಸಾರ್ಡರ್, ಅಂದರೆ ಊಟದ ವಿಷಯದಲ್ಲಿ ಮನಸ್ಸು ಹದ ತಪ್ಪುವ ಕಾಯಿಲೆ. ಭಕ್ತಿಯೂ ಅಲ್ಲ, ಹಟವೂ ಅಲ್ಲ, ನಾವು ತಿಳಿದಷ್ಟು ಅಪರೂಪವೂ ಅಲ್ಲ, ಗಂಡುಮಕ್ಕಳಿಗೂ ಬರುತ್ತದೆ ಎಂದರು.

“ನನ್ನ ತರಗತಿಗಳಲ್ಲಿ ಇದು ಇರಲೇ ಇಲ್ಲ,” ಎಂದೆ.

“ಇತ್ತೇನೋ ಟೀಚರ್. ಆಗ ಯಾರೂ ಕೇಳ್ತಿರಲಿಲ್ಲ, ಅಷ್ಟೆ.”

“ಹಾಗಾದರೆ ಈಗ ಹೆಚ್ಚಾಗಿದೆಯೋ ಇಲ್ಲವೋ? ಒಂದೇ ವಾಕ್ಯದಲ್ಲಿ ಉತ್ತರಿಸಿ.”

“ನನ್ನ ಹತ್ರ ಬರುವವರಂತೂ ಜಾಸ್ತಿ ಆಗಿದ್ದಾರೆ. ಕಾಯಿಲೆಯೇ ಜಾಸ್ತಿ ಆದದ್ದೋ, ಹೇಳಿಕೊಳ್ಳುವ ಧೈರ್ಯ ಬಂದದ್ದೋ... ಎರಡೂ ಇರಬಹುದು. ಒಂದೇ ವಾಕ್ಯದಲ್ಲಿ ಆಗುದಿಲ್ಲ ಟೀಚರ್, ಮಾರ್ಕ್ ಕಟ್ ಮಾಡ್ಬೇಡಿ!”

ರೆನಿಟಾ ನಕ್ಕುಬಿಟ್ಟಳು. ಎಷ್ಟು ವಾರಗಳ ಮೇಲೆ ಆ ನಗು!

ಅವಳ ತಟ್ಟೆಯ ಬಗ್ಗೆ, ಮೈಯ ಬಗ್ಗೆ ಯಾರೂ ಒಳ್ಳೆಯದನ್ನೂ ಕೆಟ್ಟದ್ದನ್ನೂ ಆಡಕೂಡದು. ಜೊತೆಯಲ್ಲಿ ಕುಳಿತು ಉಣ್ಣಬೇಕು. ಡಾಕ್ಟರಮ್ಮ ನಮಗೆ ಕೊಟ್ಟ ಸೂಚನೆ ಇದು.

ಈಗ ಚಿಕಿತ್ಸೆ ನಡೆಯುತ್ತಿದೆ. ಕೆಲವು ದಿನ ಉಣ್ಣುತ್ತಾಳೆ, ಕೆಲವು ದಿನ ತಟ್ಟೆಯ ಮುಂದೆ ಅಳುತ್ತಾಳೆ. ನಾನು ಪಕ್ಕದಲ್ಲಿರುತ್ತೇನೆ.

ಇಂದು ಬೆಳಗ್ಗೆ ತಾನಾಗಿಯೇ ನೀರುದೋಸೆ ಹಾಕಿಕೊಂಡಳು. ಮುರಿದು ಬಾಯಿಗಿಡುವ ಮೊದಲು ನನ್ನ ಮುಖವನ್ನೇ ನೋಡಿದಳು.

“ಗ್ರ್ಯಾನಿ, ಶಭಾಷ್ ಅಂತ ಮಾತ್ರ ಹೇಳ್ಬೇಡಿ, ಪ್ಲೀಸ್.”

ಹೇಳಲಿಲ್ಲ. ನನ್ನ ತಟ್ಟೆಗೂ ಇನ್ನೊಂದು ದೋಸೆ ಹಾಕಿಕೊಂಡೆ.

ತಿದ್ದುವುದೂ ಹೊಗಳುವುದೂ ಬದುಕಾಗಿದ್ದ ನನಗೆ ಈ ಮೌನ ಬಹಳ ಕಷ್ಟವಾಯಿತು... ನೀವಾಗಿದ್ದರೆ ಸುಮ್ಮನಿರುತ್ತಿದ್ದಿರೇ?