ಎರಡು ಬೋರಿಗೆ ಹಂಚಿದ ಪೈಪು

ಬೋರು ಕೊರೆಯುವ ಲಾರಿಯ ಮೇಸ್ತ್ರಿ, ರಾಯಚೂರಿನ ಗುಲಾಮ್ ದಸ್ತಗೀರನನ್ನು ಕಲ್ಲೆದೆಯವನು ಅಂತ ಬೈಯದವರು ಮಾನ್ವಿ, ದೇವದುರ್ಗದ ಕಡೆ ಕಡಿಮೆ. "ಒಂದು ಪೈಪು ಉಳಿಸ್ರೀ ಸಾಬ್ರ" ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಮೈಮೇಲೆ ಹೋಗುತ್ತಿದ್ದ. ನೌಕರಿ ಮುಗಿಯುವ ತನಕ ಹಾಗೇ ಇದ್ದ. ಅಯ್ಯೋ, ಮೊದಲಿನಿಂದಲೂ ಹಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಎಪ್ಪತ್ತೆಂಟರ ಬೇಸಿಗೆ. ಕಲ್ಲೂರಿನಾಚೆಯ ಒಂದು ಸಣ್ಣ ಊರಿಗೆ ಒಂದೇ ಬೋರು ಮಂಜೂರಾಗಿತ್ತು. ಲಾರಿಯಲ್ಲಿದ್ದದ್ದೂ ಒಂದು ಬೋರಿಗಾಗುವಷ್ಟೇ ಪೈಪು, ಇಪ್ಪತ್ತಡಿಯವು ಎರಡು. ಎರೆಮಣ್ಣು, ಗರಸು ದಾಟಿ ಬಂಡೆ ಮುಟ್ಟುವ ತನಕ ನಲವತ್ತಡಿ ಪೈಪು ಇಳಿಸಬೇಕು. ಮೇಲಿನ ಹೊಲಸು ಒಳಗಿನ ನೀರಿಗೆ ಸೇರದಂತೆ ತಡೆಯುವುದು ಅದೊಂದೇ. ಇದು ದಸ್ತಗೀರನಿಗೆ ಚೆನ್ನಾಗಿ ಗೊತ್ತಿತ್ತು.

ಊರ ಬೋರು ಕೊರೆದು ಪೈಪು ಇಳಿಸುವ ಹೊತ್ತಿಗೆ ಊರಾಚೆಯ ಕೇರಿಯ ಜಂಬಮ್ಮ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ದೂರವೇ ನಿಂತು ಕೈಮುಗಿದಳು.

"ಯಪ್ಪಾ, ಇಲ್ಲಿ ಬೋರ್ ಹಾಕಿದ್ರ ನಮಗೇನು ಬಂತು? ಮುಟ್ಟಾಕ ಬಿಡೂದಿಲ್ಲ. ಯಾರರ ನೀರು ಹಾಕ್ತಾರೇನಂತ ಬಿಸಲಾಗ ಕೊಡ ಹಿಡ್ಕಂಡು ನಿಂದ್ರೂದು ತಪ್ಪೂದಿಲ್ಲ. ನಮ್ಮ ಕೇರ್ಯಾಗೂ ಒಂದು ಹಾಕ್ರಿ, ಪುಣ್ಯ ಬರ್ತದ."

ದಸ್ತಗೀರನ ಕರುಳು ಚುರ್ ಎಂದಿತು. ಗರಸು ಗಟ್ಟಿಯಿದೆ, ಏನೂ ಆಗುವುದಿಲ್ಲ ಬಿಡು ಎಂದು ತನಗೆ ತಾನೇ ಹೇಳಿಕೊಂಡ. ಕೇರಿಯಲ್ಲೂ ಒಂದು ಬೋರು ಕೊರೆದು, ಊರ ಬೋರಿಗೊಂದು ಪೈಪು, ಕೇರಿಯ ಬೋರಿಗೊಂದು ಪೈಪು ಇಳಿಸಿದ. ಕಚೇರಿಯಲ್ಲಿ ಕಾಡಿ ಬೇಡಿ ಇನ್ನೊಂದು ಪಂಪನ್ನೂ ತಂದು ಕೂರಿಸಿದ. ಮೊದಲ ನೀರು ಬಂದ ದಿನ ಜಂಬಮ್ಮ ಮೊಮ್ಮಗಳ ತಲೆಗೆ ಬೊಗಸೆ ಬೊಗಸೆ ಸುರಿದು ನಕ್ಕಿದ್ದೇ ನಕ್ಕಿದ್ದು. ಅವತ್ತು ರಾತ್ರಿ ಅವನಷ್ಟು ನೆಮ್ಮದಿಯಾಗಿ ಮಲಗಿದವರು ಯಾರೂ ಇರಲಿಕ್ಕಿಲ್ಲ.

ಮಳೆಗಾಲ ಬಂತು. ಊರ ಬೋರು ದಿಬ್ಬದ ಮೇಲಿತ್ತು, ಅದಕ್ಕೇನೂ ಆಗಲಿಲ್ಲ. ಊರ ಬಚ್ಚಲ ನೀರೆಲ್ಲ ಹರಿದು ನಿಲ್ಲುವುದು ಮಾತ್ರ ತಗ್ಗಿನ ಕೇರಿಯಲ್ಲಿ. ಪೈಪಿಲ್ಲದ ಇಪ್ಪತ್ತಡಿಯಲ್ಲಿ ಅದು ಬಸಿದು ಬೋರಿಗಿಳಿಯಿತು. ಕೇರಿಯಲ್ಲಿ ವಾಂತಿಭೇದಿ ಎಂದು ಮಾನ್ವಿಯಲ್ಲಿ ಕಿವಿಗೆ ಬಿದ್ದೊಡನೆ ದಸ್ತಗೀರ ನಟ್ಟು ಬಿಚ್ಚುವ ಪಾನಾ ಹಿಡಿದು ಓಡಿದ. ಹೋದವನೇ ಪಂಪು ಬಿಚ್ಚತೊಡಗಿದ.

ಜಂಬಮ್ಮ ಬಂದಳು. ಕಂಕುಳಲ್ಲಿ ಮೊಮ್ಮಗಳಿರಲಿಲ್ಲ.

"ಯಾಕ ಬಿಚ್ಚಾಕತ್ತೀರಿ ಯಪ್ಪಾ?"

"ತಪ್ಪು ನಂದವ್ವಾ. ಪೈಪು ಅರ್ಧಕ್ಕ ನಿಲ್ಸಿದ್ದೆ, ಹೊಲಸು ಒಳಗ ಇಳದದ. ನನ್ನ ಬೈ, ಕಲ್ಲು ತಗಂಡು ಹೊಡಿ."

ಬೈದರೆ ಸಾಕು, ಹೊಡೆದರೆ ಇನ್ನೂ ಒಳ್ಳೆಯದು ಅಂತಿತ್ತು ಅವನಿಗೆ. ಅವಳು ಅಲ್ಲೇ ಕೆಸರಲ್ಲಿ ಕುಸಿದು ಕೂತಳು.

"ನಿಮ್ಮನ್ಯಾಕ ಬೈಲಿ? ಕೈಮುಗದು ಕೇಳಿದಾಕಿ ನಾನು. ನಮ್ಮ ನೀರು, ಕುಡಿ ಕುಡಿ ಅಂತ ಕೂಸಿಗಿ ಕುಡಿಸಿದಾಕೀನೂ ನಾನೇ."

"ಅಲ್ಲವ್ವಾ, ಅಲ್ಲ" ಎಂದು ದಸ್ತಗೀರ ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ. ಪಂಪು ಬಿಚ್ಚಿ ಪಕ್ಕಕ್ಕಿಡುವಷ್ಟರಲ್ಲಿ ಅವಳು ಖಾಲಿ ಕೊಡ ಎತ್ತಿಕೊಂಡು ಊರ ಬೋರಿನ ಕಡೆ ಹೋಗಿ, ದೂರದಲ್ಲಿ ನಿಂತಿದ್ದಳು.