ಲೊವೆಲ್ ಟ್ರಿಂಬಲ್ ಓಡಿದ ಒಂದೇ ಪಂದ್ಯ

ಅಮೆರಿಕದ ಟೆನೆಸಿ ರಾಜ್ಯದ ಪ್ರೂಯಿಟ್ ಬೆಂಡ್ ಊರಿನಲ್ಲಿ ಲೊವೆಲ್ ಟ್ರಿಂಬಲ್ ಎಂದರೆ ಸೈಲೆನ್ಸರ್ ರಿಪೇರಿಯವನು ಎಂದೇ ಎಲ್ಲರಿಗೂ ಗೊತ್ತು. ಡಬಡಬ ಎನ್ನುತ್ತ ಬಂದ ಗಾಡಿ ಅವನ ಷೆಡ್ಡಿನಿಂದ ಬೆಕ್ಕಿನ ಹಾಗೆ ಸದ್ದಿಲ್ಲದೆ ಹೊರಡುತ್ತಿತ್ತು. ಮದುವೆಯಾಗಿರಲಿಲ್ಲ. ಅಕ್ಕ ನೇಡೀನ್ ಗಂಡ ತೀರಿಕೊಂಡ ಮೇಲೆ ಅವನ ಮನೆಗೇ ಬಂದು ನೆಲೆಸಿದ್ದಳು. ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುವಳು, ಸಂಜೆಯಾದರೆ ಮೊಣಕೈವರೆಗೆ ಗ್ರೀಸು ಬಳಿದುಕೊಂಡು ತಮ್ಮನ ಜೊತೆ ಷೆಡ್ಡಿನ ಹಿಂಭಾಗ ಸೇರುವಳು. ಅಲ್ಲಿ ಅವರ ರೇಸಿನ ಪಿಕಪ್ ಟ್ರಕ್ಕು ನಿಂತಿತ್ತು.

ಊರಾಚೆ, ನದಿ ತಿರುಗುವ ಕಡೆ, ಅರ್ಧ ಮೈಲಿಗಿಂತ ತುಸು ಉದ್ದದ ಡಾಂಬರು ಟ್ರ್ಯಾಕಿತ್ತು. ಶನಿವಾರ ಸಂಜೆ ಊರ ಹುಡುಗರು ಅಲ್ಲಿ ಹಳೆಯ ಕಾರುಗಳನ್ನು ಓಡಿಸುತ್ತಿದ್ದರು. ಊರಿಗೆ ಕೆಲಸ ಕೊಡುತ್ತಿದ್ದ ಅಂಗಿಯ ಕಾರ್ಖಾನೆ ಮುಚ್ಚಿದ ವರ್ಷವೇ ದೇಶಮಟ್ಟದ ಪಿಕಪ್ ಟ್ರಕ್ ಸರಣಿಯವರು ತಮ್ಮ ಒಂದು ಪಂದ್ಯವನ್ನು ಈ ಟ್ರ್ಯಾಕಿಗೆ ಕೊಟ್ಟರು. ವರ್ಷಕ್ಕೊಮ್ಮೆ, ಆಗಸ್ಟಿನಲ್ಲಿ, ಇನ್ನೂರು ಸುತ್ತು. ಕೆಲಸ ಕಳೆದುಕೊಂಡು ಮಂಕಾಗಿದ್ದ ಊರು ಆ ಒಂದು ವಾರ ಎದ್ದು ಕೂರುತ್ತಿತ್ತು. ಚರ್ಚಿನ ಹೆಂಗಸರು ಹೊಗೆಯಲ್ಲಿ ಬೇಯಿಸಿದ ಹಂದಿಮಾಂಸದ ಸ್ಯಾಂಡ್‌ವಿಚ್ ಮಾರುತ್ತಿದ್ದರು. ಟಿವಿಯವರು ಊರಿನ ಹೆಸರನ್ನು ತಪ್ಪಾಗಿ ಹೇಳುತ್ತಿದ್ದರು, ಊರಿನವರು ಅದಕ್ಕೂ ಖುಷಿಪಡುತ್ತಿದ್ದರು.

ಪಂದ್ಯಕ್ಕೆ ಮೂವತ್ತಾರು ಟ್ರಕ್ಕು. ಹೆಚ್ಚಿನ ಜಾಗಗಳು ವರ್ಷವಿಡೀ ಸರಣಿಯಲ್ಲಿ ಓಡುವ ತಂಡಗಳಿಗೆ. ಉಳಿದ ಕೆಲವಕ್ಕೆ ಹೊರಗಿನವರು ಹಿಂದಿನ ದಿನ ಅರ್ಹತೆಯ ಓಟದಲ್ಲಿ ಒಬ್ಬೊಬ್ಬರಾಗಿ ಓಡಿ ವೇಗ ತೋರಿಸಬೇಕು.

ಮೊದಲ ವರ್ಷ ಲೊವೆಲ್‌ನದು ಬರೀ ಹುಂಬತನ. ನಮ್ಮೂರ ಟ್ರ್ಯಾಕು, ಕಣ್ಣು ಮುಚ್ಚಿ ಓಡಿಸಿಯೇನು ಎಂದುಕೊಂಡ. ಬೇರೆ ಊರುಗಳಿಂದ ಬಂದ ಟ್ರಕ್ಕುಗಳ ಮುಂದೆ ಅವನದು ಎತ್ತಿನ ಗಾಡಿಯಾಯಿತು. ಮರುವರ್ಷ ವೇಗ ಬಂತು, ತಾಳ್ಮೆ ಬರಲಿಲ್ಲ. ಗೋಡೆಗೆ ಗುದ್ದಿ ಪಕ್ಕೆಲುಬು ಮುರಿದುಕೊಂಡ. ಆಮೇಲೆ ಒಮ್ಮೆ ಇಂಜಿನ್ ಕೈಕೊಟ್ಟಿತು, ಮತ್ತೊಮ್ಮೆ ಟೈರು. ಒಂದು ವರ್ಷವಂತೂ ರೆಪ್ಪೆ ಬಡಿಯುವಷ್ಟರಲ್ಲಿ ಕೊನೆಯ ಜಾಗ ತಪ್ಪಿಹೋಯಿತು. ಆ ಸಂಜೆ ಅವನು ಟ್ರಕ್ಕಿನಿಂದ ಇಳಿಯಲೇ ಇಲ್ಲ. ನೇಡೀನ್ ಕರೆದು ಕರೆದು ಸಾಕಾಗಿ, ಅವನನ್ನು ಒಳಗೆ ಕೂರಿಸಿಕೊಂಡೇ ಟ್ರಕ್ಕನ್ನು ಟ್ರೇಲರಿಗೆ ಹತ್ತಿಸಿ ಮನೆಗೆ ಎಳೆದು ತಂದಳು.

ಪಂದ್ಯದ ದಿನ ಅವನು ಟ್ರ್ಯಾಕಿನ ಕಡೆ ಸುಳಿಯುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಗ್ರೈಂಡರ್ ಚಾಲೂ ಮಾಡುತ್ತಿದ್ದ. ಅದರ ಕಿರುಚಾಟದಲ್ಲಿ ಟ್ರ್ಯಾಕಿನ ಮೊರೆತ ಮುಚ್ಚಿಹೋಗಲಿ ಎಂದು. ಮುಚ್ಚಿಹೋಗುತ್ತಿರಲಿಲ್ಲ.

ದನದ ಮೇವು ಮಾರುವ ಹೋಬರ್ಟ್ ಎಂಬವನಿಗೆ ಇದೊಂದು ಮೋಜು. ಬೆಳಗಿನ ತಿಂಡಿಯ ಹೋಟೆಲಿನಲ್ಲಿ ಎಲ್ಲರ ಎದುರು ಕೆಣಕುತ್ತಿದ್ದ: "ಏನಪ್ಪಾ ಟ್ರಿಂಬಲ್, ಈ ಸಲನಾದ್ರೂ ಒಳಗೆ ಹೋಗ್ತೀಯೋ, ಇಲ್ಲ ನಾನೇ ನಿಂಗೊಂದು ಟಿಕೆಟ್ ತೆಗೆಸ್ಲೋ?"

ಎಂಟನೆಯ ವರ್ಷದ ವಸಂತದಲ್ಲಿ ಸುದ್ದಿ ಬಂತು. ದೂರದ ದೊಡ್ಡ ನಗರದ ಹತ್ತಿರ ಹೊಸ ಟ್ರ್ಯಾಕು ಎದ್ದಿದೆ, ಪಂದ್ಯ ಅಲ್ಲಿಗೆ ಹೋಗುತ್ತದೆ, ಬರುವ ಆಗಸ್ಟಿನದೇ ಕೊನೆ. ಊರಿನವರು ಸಹಿ ಹಾಕಿ ಬೇಡಿಕೊಂಡರು. ಪಾದ್ರಿ ಭಾನುವಾರದ ಪ್ರಾರ್ಥನೆಯಲ್ಲಿ ಅದನ್ನೂ ಸೇರಿಸಿದರು. ಯಾವುದೂ ನಡೆಯಲಿಲ್ಲ.

"ಇನ್ನು 'ಮುಂದಿನ ವರ್ಷ ನೋಡೋಣ' ಅನ್ನೋ ಹಾಗಿಲ್ಲ, ನೇಡೀನ್," ಎಂದ ಲೊವೆಲ್. ಅವನಿಗಾಗ ನಲವತ್ತಮೂರು.

"ಗೊತ್ತು ಕಣೋ. ಮಾತು ಸಾಕು, ಆ ಸ್ಪ್ಯಾನರ್ ಕೊಡು," ಎಂದಳು ಅಕ್ಕ.

ಆ ಬೇಸಿಗೆಯಲ್ಲಿ ಅವನು ಗಿರಾಕಿಗಳನ್ನು ಹಿಂದಕ್ಕೆ ಕಳಿಸಿದ. ಉಂಡರೆ ಉಂಡ, ಇಲ್ಲದಿದ್ದರೆ ಇಲ್ಲ. ಟ್ರಕ್ಕಿನ ಒಂದೊಂದು ನಟ್ಟನ್ನೂ ಬಿಚ್ಚಿ ಕೂರಿಸಿದ. ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ. ನೇಡೀನ್ ಬೈದಳು, ಆಮೇಲೆ ಸುಮ್ಮನೆ ಅವನ ಬೆಲ್ಟಿಗೆ ಇನ್ನೊಂದು ತೂತು ಹಾಕಿಕೊಟ್ಟಳು.

ಆಗಸ್ಟಿನ ಶುಕ್ರವಾರ, ಅಭ್ಯಾಸದ ಓಟದಲ್ಲಿ, ಲೊವೆಲ್ ಟ್ರಿಂಬಲ್ ಬಂದಿದ್ದ ಎಲ್ಲರ ಪೈಕಿ ಮೂರನೆಯ ವೇಗ ತೋರಿಸಿದ. ಪ್ರೇಕ್ಷಕರ ಗ್ಯಾಲರಿಯ ಮಾಡಿನ ಮೇಲೆ ನಿಂತು ವೈರ್‌ಲೆಸ್ ರೇಡಿಯೊದಲ್ಲಿ ತಮ್ಮನಿಗೆ ದಾರಿ ಹೇಳುತ್ತಿದ್ದ ನೇಡೀನ್ ಅದನ್ನು ಕೇಳಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಅರ್ಹತೆಯ ಓಟಕ್ಕೆ ಇನ್ನು ಗಂಟೆಯೂ ಇರಲಿಲ್ಲ. ಬೆಟ್ಟದ ಕಡೆಯಿಂದ ಮೋಡ ಬಂತು.

ಮಳೆ ನಿಲ್ಲಲೇ ಇಲ್ಲ. ಕತ್ತಲಾಗುವ ಹೊತ್ತಿಗೆ ಸರಣಿಯ ಅಧಿಕಾರಿ ಕೊಡೆ ಹಿಡಿದು ಬಂದು ಹೇಳಿದ: ಅರ್ಹತೆಯ ಓಟ ರದ್ದು. ನಿಯಮದ ಪ್ರಕಾರ ಈ ವರ್ಷ ಸರಣಿಯಲ್ಲಿ ಗಳಿಸಿದ ಅಂಕ ನೋಡಿ ಜಾಗ ಕೊಡುತ್ತೇವೆ. ಅಂಕವಿಲ್ಲದವರು ಹೊರಡಬಹುದು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಲೊವೆಲ್ ಹೆಲ್ಮೆಟ್ ತೆಗೆಯದೆ ಮಳೆಯಲ್ಲೇ ನಿಂತಿದ್ದ. "ಸ್ವಾಮಿ, ಬೆಳಿಗ್ಗೆ ಓಡಿಸಿ," ಎಂದ. "ಹೊತ್ತು ಹುಟ್ಟೋ ಮುಂಚೆ ಬರ್ತೀನಿ. ಒಬ್ಬನೇ ಓಡ್ತೀನಿ. ಒಂದೇ ಸುತ್ತು."

"ನನ್ನ ಕೈಲಿಲ್ಲ ಟ್ರಿಂಬಲ್," ಎಂದ ಅಧಿಕಾರಿ. ಅವನ ಮುಖದಲ್ಲೂ ಸಂಕಟವಿತ್ತು, ಆದರೆ ಅದರಿಂದ ಏನಾಗಬೇಕು.

ಶನಿವಾರ ತೊಳೆದಿಟ್ಟ ಹಾಗೆ ಬಿಸಿಲು ಬಂತು. ಅಕ್ಕ ತಮ್ಮ ಕಾಫಿಯ ಮುಂದೆ ಕೂತಿದ್ದಾಗ ಷೆಡ್ಡಿನ ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ. ಆರ್ವಲ್ ಸ್ಟಕಿ, ಪಕ್ಕದ ಅರ್ಕನ್ಸಾ ರಾಜ್ಯದವನು. ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಒಂದೇ ಟ್ರಕ್ಕಿನಲ್ಲಿ ಇಡೀ ಸರಣಿ ಸುತ್ತುವವನು. ಅವನ ಚಾಲಕ ಏನನ್ನೋ ತಿಂದು ರಾತ್ರಿಯಿಂದ ವಾಂತಿ ಮಾಡಿಕೊಳ್ಳುತ್ತಿದ್ದ.

"ನಿನ್ನೆ ನೀನು ಓಡಿಸಿದ್ದು ನೋಡಿದೆ. ನನ್ನ ಟ್ರಕ್ಕಿಗೆ ಜಾಗ ಇದೆ. ಓಡಿಸೋರಿಲ್ಲ," ಎಂದ ಸ್ಟಕಿ. "ಆದರೆ ಮಗಾ, ಮೊದಲೇ ಹೇಳಿಬಿಡ್ತೀನಿ. ಹದಿನೈದು ಸುತ್ತು, ಅಷ್ಟೇ. ಆಮೇಲೆ ಟ್ರ್ಯಾಕ್ ಬಿಟ್ಟು ಒಳಗೆ ತಂದು ನಿಲ್ಲಿಸ್ಬೇಕು. ಶುರು ಮಾಡಿದ್ರೆ ಸಾಕು, ಅಂಕ ಸಿಗುತ್ತೆ, ಮುಂದಿನ ವಾರದ ಜಾಗ ಉಳಿಯುತ್ತೆ. ಇರೋದೊಂದೇ ಇಂಜಿನ್. ಅದು ಸತ್ರೆ ನಾವೂ ಸತ್ತ ಹಾಗೆ."

"ಬೇಡ ಕಣೋ," ಎಂದಳು ನೇಡೀನ್. "ಅನ್ನ ಬಡಿಸಿ ಕೈ ಹಿಡಿದುಕೊಳ್ಳೋ ಕೆಲಸ ಇದು. ಆಮೇಲೆ ನಿನಗೇ ತಡೆಯೋಕಾಗಲ್ಲ."

ಆದರೆ ಲೊವೆಲ್ ಆಗಲೇ ಹೆಲ್ಮೆಟ್ ಕೈಗೆ ತೆಗೆದುಕೊಂಡಿದ್ದ. "ಆಯ್ತು ಸರ್," ಎಂದ.

ಚಾಲಕರನ್ನು ಹೆಸರು ಹಿಡಿದು ಕರೆದಾಗ ಇಡೀ ಗ್ಯಾಲರಿ ಅವನಿಗಾಗಿ ಎದ್ದು ನಿಂತಿತು. ಚಾಲಕ ಬದಲಾದದ್ದರಿಂದ ಎಲ್ಲರಿಗಿಂತ ಹಿಂದೆ ಅವನ ಜಾಗ. ಓಟ ಶುರುವಿನ ಹಸಿರು ಬಾವುಟ ಬೀಸಿದರು. ಸ್ಟಕಿಯ ಟ್ರಕ್ಕು ಹಳೆಯದು, ಟೈರೂ ಹೊಸದಲ್ಲ. ಆದರೆ ಮೂರನೆಯ ತಿರುವಿನಲ್ಲಿ ಡಾಂಬರು ಎಲ್ಲಿ ಉಬ್ಬಿದೆ, ಗೋಡೆಯ ಪಕ್ಕ ಎಷ್ಟು ದೂರ ಹೋದರೆ ಟೈರು ಹಿಡಿಯುತ್ತದೆ ಎಂಬುದು ಲೊವೆಲ್‌ನ ಮೈಗೇ ಗೊತ್ತಿತ್ತು. ಒಬ್ಬನನ್ನು ದಾಟಿದ, ಮತ್ತೊಬ್ಬನನ್ನು ದಾಟಿದ. "ಹೊರಗಡೆ ಖಾಲಿ, ಹೋಗು, ಹೋಗು," ಎನ್ನುತ್ತಿದ್ದಳು ಮಾಡಿನ ಮೇಲಿಂದ ನೇಡೀನ್. ಅವನು ಒಬ್ಬೊಬ್ಬರನ್ನು ದಾಟಿದಂತೆಲ್ಲ ಗ್ಯಾಲರಿ ಮೊರೆಯುತ್ತಿತ್ತು.

"ಹದಿನೈದಾಯ್ತು," ಎಂದಿತು ರೇಡಿಯೊದಲ್ಲಿ ಸ್ಟಕಿಯ ದನಿ. "ಒಳಗೆ ಬಾ ಮಗಾ."

ಲೊವೆಲ್ ಬರಲಿಲ್ಲ. ಮುಂದೆ ಒಂದು ಕೆಂಪು ಟ್ರಕ್ಕಿತ್ತು, ಅದನ್ನೊಂದು ದಾಟಿಬಿಡೋಣ ಎಂದುಕೊಂಡ. ದಾಟಿದ. ಅದರ ಮುಂದೆ ಇನ್ನೊಂದಿತ್ತು.

ಮುದುಕ ಕೂಗಾಡಿದ. ಕೊಟ್ಟ ಮಾತು ನೆನಪಿಸಿದ, ಬಾಯಿಗೆ ಬಂದಂತೆ ಬೈದ. ಲೊವೆಲ್ ಕೊನೆಗೆ ಗುಂಡಿ ಒತ್ತಿ ಮಾತಾಡಿದ. "ಸರ್, ಇಂಜಿನ್ ಹೋದ್ರೆ ನಂದು ಕೊಡ್ತೀನಿ. ಟ್ರಕ್ಕನ್ನೇ ಕೊಡ್ತೀನಿ. ಓಡೋಕೆ ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಿಂದು ಬೇರೆ ಕಂಪನೀದು ಮಗಾ, ನನ್ನದಕ್ಕೆ ಕೂರಲ್ಲ," ಎಂದ ಸ್ಟಕಿ. ಅವನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. "ಆ ಇಂಜಿನ್ ಬಿಟ್ರೆ ಈ ಹುಡುಗ್ರಿಗೆ ಬೇರೆ ದಾರಿ ಇಲ್ಲ ಕಣಪ್ಪಾ. ಬಾರಪ್ಪಾ."

ಲೊವೆಲ್ ಇನ್ನೊಂದು ಸುತ್ತು ಹೋದ, ಮತ್ತೊಂದು ಹೋದ. ಹೆಲ್ಮೆಟ್ಟಿನೊಳಗೆ ಬೆವರೋ ಕಣ್ಣೀರೋ ಇಳಿದು ದಾರಿ ಮಸುಕಾಗುತ್ತಿತ್ತು. ಆಗ ನೇಡೀನ್ ಮಾತಾಡಿದಳು, ಮೆಲ್ಲಗೆ.

"ಲೊವೆಲ್, ನನಗೆ ಇಲ್ಲಿಂದ ಕಾಣ್ತಾ ಇದೆ. ಮುದುಕ ರೇಡಿಯೊ ಕೆಳಗಿಟ್ಟು ಟೈರಿನ ಮೇಲೆ ಕೂತಿದಾನೆ. ಮುಖ ಮುಚ್ಚಿಕೊಂಡಿದಾನೆ. ಬಂದುಬಿಡು ಕಣೋ."

ಅವನು ನಾಲ್ಕನೆಯ ತಿರುವಿನಲ್ಲಿ ಟ್ರಕ್ಕನ್ನು ಟ್ರ್ಯಾಕಿನ ಒಳ ಅಂಚಿಗೆ ಇಳಿಸಿದ. ಟ್ರಕ್ಕು ಒಳದಾರಿಗೆ ತಿರುಗಿದಾಗ ಗ್ಯಾಲರಿಯ ಜನ ಕತ್ತು ಚಾಚಿ ನೋಡಿದರು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಟೈರಿನಲ್ಲೂ ಇನ್ನೂ ಬೇಕಾದಷ್ಟು ಜೀವವಿತ್ತು.

ಅಧಿಕಾರಿ ಬಂದು ಕಾರಣ ಕೇಳಿದ. ಬೇಕೆಂದೇ ನಿಲ್ಲಿಸಿದ್ದು ಎನ್ನುವಂತಿರಲಿಲ್ಲ. ಸ್ಟಕಿ ನೆಲ ನೋಡುತ್ತ "ಬ್ರೇಕು ಹೋಯ್ತು" ಎಂದ. ಧ್ವನಿವರ್ಧಕ ಅದನ್ನೇ ಊರಿಗೆಲ್ಲ ಸಾರಿತು. ಜನ ಪಾಪ ಎಂದು ಮತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದನ್ನು ಕೇಳಲಾರದೆ ಲೊವೆಲ್ ಟ್ರೇಲರಿನ ಹಿಂದೆ ಹೋಗಿ ಹುಲ್ಲಿನ ಮೇಲೆ ಮುಖ ಅಡಿಯಾಗಿ ಮಲಗಿಬಿಟ್ಟ. ಪಂದ್ಯ ಅವನ ತಲೆಯ ಮೇಲೆ ಎಂಬಂತೆ ಗಂಟೆಗಟ್ಟಲೆ ಓಡಿತು. ನೇಡೀನ್ ಪಕ್ಕದಲ್ಲಿ ಕೂತಿದ್ದಳು, ಮುಟ್ಟಲಿಲ್ಲ.

ಸ್ಟಕಿಯ ತಂಡ ಆ ವರ್ಷ ಹೇಗೋ ತಳ್ಳಿಕೊಂಡು ಹೋಯಿತು. ಮರುವರ್ಷದ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಲೊವೆಲ್ ಅರ್ಕನ್ಸಾಕ್ಕೆ ಫೋನ್ ಮಾಡಿದ. ಆ ನಂಬರು ಈಗ ಚಾಲ್ತಿಯಲ್ಲಿರಲಿಲ್ಲ. ಆಗಸ್ಟ್ ಬಂತು, ಹೋಯಿತು. ಹೋಟೆಲಿನವಳು ಅಭ್ಯಾಸಬಲದಿಂದ ಹೆಚ್ಚಿಗೆ ಬ್ರೆಡ್ಡು ತರಿಸಿ ಎಸೆದಳು. ಇನ್ನೆರಡು ವರ್ಷಕ್ಕೆ ಶನಿವಾರದ ಓಟಗಳೂ ನಿಂತವು. ಗ್ಯಾಲರಿಯ ಬೆಂಚುಗಳನ್ನು ಪಕ್ಕದ ಜಿಲ್ಲೆಯ ಶಾಲೆಯವರು ಕೊಂಡು ಲಾರಿಗೆ ಹೇರಿಕೊಂಡು ಹೋದರು.

ಹೋಬರ್ಟ್‌ಗೆ ಮಾತ್ರ ಹೊಸ ಮಾತು ಸಿಕ್ಕಿತ್ತು. "ಊರ ಗಾಡಿಯೆಲ್ಲ ರಿಪೇರಿ ಮಾಡೋನು, ತಾನು ಹತ್ತಿದ ಗಾಡಿ ಬ್ರೇಕ್ ನೋಡಿಕೊಳ್ಳಲಿಲ್ಲ ನೋಡ್ರಪ್ಪಾ." ಲೊವೆಲ್ ನಕ್ಕು ಸುಮ್ಮನಾಗುತ್ತಿದ್ದ. ಮುದುಕನ ಗುಟ್ಟು ಬಯಲು ಮಾಡುವುದು ಬೇಡವೆಂದು ಮೊದಲು, ಆಮೇಲೆ ಸುಮ್ಮನಿರುವುದೇ ರೂಢಿಯಾಗಿ. ನೇಡೀನ್ ಮಾತ್ರ ಹಲ್ಲು ಕಚ್ಚಿಕೊಂಡು ಇರುತ್ತಿದ್ದಳು.

ಸ್ಟಕಿ ತೀರಿಕೊಂಡ ಸುದ್ದಿ ಎಷ್ಟೋ ವರ್ಷಗಳ ಮೇಲೆ, ಬಿಡಿಭಾಗ ಮಾರುವವನೊಬ್ಬನ ಬಾಯಿಂದ ಬಂತು. ಮರುದಿನ ಬೆಳಿಗ್ಗೆ ಹೋಬರ್ಟ್ ಬ್ರೇಕಿನ ಮಾತು ತೆಗೆದಾಗ ಲೊವೆಲ್ ಮುಳ್ಳುಚಮಚ ಕೆಳಗಿಟ್ಟ.

"ಬ್ರೇಕು ಚೆನ್ನಾಗೇ ಇತ್ತು," ಎಂದ. "ಇಂಜಿನ್ನೂ ಚೆನ್ನಾಗಿತ್ತು. ಹದಿನೈದು ಸುತ್ತಿಗೆ ನಿಲ್ಲಿಸ್ತೀನಿ ಅಂತ ಒಪ್ಪಿಕೊಂಡೇ ಹತ್ತಿದ್ದೆ. ನಿಲ್ಲಿಸೋಕೆ ಮನಸ್ಸು ಬರಲಿಲ್ಲ. ಆಮೇಲೆ ನಿಲ್ಲಿಸ್ದೆ."

ಪಕ್ಕದ ಮೇಜಿನವರು ತಿರುಗಿ ನೋಡಿದರು. ಆಮೇಲೆ ಹೋಬರ್ಟ್ ಅವನ ಬೆನ್ನು ತಟ್ಟಿದ, ಅಪರೂಪಕ್ಕೆ ನಿಜವಾದ ಪ್ರೀತಿಯಿಂದಲೇ.

"ಬಿಡೋ ಮಾರಾಯಾ. ಇಷ್ಟು ವರ್ಷ ಆದಮೇಲೆ ಕತೆ ಯಾಕೆ ಕಟ್ತೀಯ? ಬ್ರೇಕು ಯಾರದ್ದಾದ್ರೂ ಹೋಗುತ್ತೆ. ಅಷ್ಟು ಚೆನ್ನಾಗಿ ಓಡ್ತಿದ್ದೋನು ಸುಮ್ನೆ ನಿಲ್ಲಿಸ್ತಾನೇನು?"

ಸುತ್ತ ಕೂತವರು ಹೌದೆಂದು ತಲೆಯಾಡಿಸಿದರು. ಯಾರೋ ಅವನ ಕಾಫಿ ತುಂಬಿಸಿದರು. ಲೊವೆಲ್ ಇನ್ನೊಮ್ಮೆ ಹೇಳಲು ಬಾಯಿ ತೆರೆದ. ಎಲ್ಲಿಂದ ಶುರು ಮಾಡಿದರೆ ಇವರು ನಂಬಿಯಾರು ಎಂದು ತಿಳಿಯಲಿಲ್ಲ. ತಟ್ಟೆಯಲ್ಲಿದ್ದ ಮೊಟ್ಟೆ ತಣ್ಣಗಾಗಿತ್ತು. ಅದನ್ನು ಹಾಗೇ ಬಿಟ್ಟು, ಟೋಪಿ ಹಾಕಿಕೊಂಡು, ಷೆಡ್ಡಿನ ಕಡೆ ನಡೆದ.